ಒಬ್ಬರಿಗೇ ಎಂದು ಕಳಿಸಿದ ಫೋಟೋ

ಅಳತೆ ಕೊಡಲು ಬಂದ ಹೆಂಗಸನ್ನು ಟೇಪಕ್ಕ ಮೊದಲು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸುತ್ತಾಳೆ. ಎದೆಯ ಸುತ್ತಳತೆಯನ್ನು ಹಿಂದಿನಿಂದಲೇ ತೆಗೆಯುತ್ತಾಳೆ. ಟೇಪಿನ ತುದಿಗಳು ಬೆನ್ನಿನ ಮೇಲೆ ಸೇರುತ್ತವೆ, ಮುಖಕ್ಕೆ ಮುಖ ಎದುರಾಗುವುದಿಲ್ಲ. ಬಂದ ಅಂಕಿಯನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಬೇರೆ ಅಂಗಡಿಗಳಲ್ಲಿ ಅಂಕಿಯನ್ನು ಕೂಗಿ ಹೇಳುತ್ತಾರೆ, ಆಚೆ ಕೂತವನು ಬರೆದುಕೊಳ್ಳುತ್ತಾನೆ, ಬೀದಿಯಲ್ಲಿ ಹೋಗುವವರಿಗೂ ಲೆಕ್ಕ ಸಿಗುತ್ತದೆ. "ಹೆಣ್ಣಿನ ಅಳತೆ ಅಂದ್ರೆ ಸಂತೆ ತೂಕ ಅಲ್ಲ ಕಣೇ" ಎನ್ನುತ್ತಾಳೆ ಟೇಪಕ್ಕ.

ಇದು ಅವಳ ಅತ್ತೆ ಹೇಳಿಕೊಟ್ಟ ಪದ್ಧತಿ. ಅತ್ತೆ ಬಲು ಖಾರದ ಹೆಂಗಸು. ಸೊಸೆ ಹೊಲಿದದ್ದನ್ನು ಬಿಚ್ಚಿಸಿ ಬಿಚ್ಚಿಸಿಯೇ ಕೆಲಸ ಕಲಿಸಿದಳಂತೆ. "ಅವರು ಹೊಲಿಸಿದ್ದಕ್ಕಿಂತ ಬಿಚ್ಚಿಸಿದ್ದೇ ಜಾಸ್ತಿ, ಮದುವೆ ಒಂದನ್ನ ಮಾತ್ರ ಬಿಚ್ಚಿಸ್ಲಿಲ್ಲ" ಎಂದು ಟೇಪಕ್ಕ ನಗುತ್ತಾಳೆ. ಅವಳ ಗಂಡ ಶಾಲೆಯ ವ್ಯಾನು ಓಡಿಸುತ್ತಾನೆ. ಮಗಳು ಮೊಬೈಲು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಕುತ್ತಿಗೆಯಿಂದ ಹಳದಿ ಟೇಪು ಇಳಿದದ್ದನ್ನು ಯಾರೂ ನೋಡಿಲ್ಲವಾದ್ದರಿಂದ ಎಲ್ಲರಿಗೂ ಅವಳು ಟೇಪಕ್ಕ.

ಅಂಗಡಿ ಇರುವುದು ಒಂದು ಹಳೆಯ ಕಟ್ಟಡದ ಮೆಟ್ಟಿಲಿನ ಬುಡದಲ್ಲಿ. ಎರಡು ಮಷೀನು, ಸುಟ್ಟ ಕಲೆಯಿರುವ ಇಸ್ತ್ರಿ ಮೇಜು, ಉಳಿದ ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿದ ಒಂದು ಪರದೆ, ಅದರ ಹಿಂದೆ ಕನ್ನಡಿ. ಮೇಲಿನ ಮನೆಯವರು ಮೆಟ್ಟಿಲಿಳಿದರೆ ನಮ್ಮ ತಲೆಯ ಮೇಲೆ ಸದ್ದು. ಕಿಟಕಿಯ ಕೆಳಗಿನ ಸ್ಟೂಲು ನನ್ನದು. ನಾನು ಅಲ್ಲಿ ಕಾಜ ಹೊಲಿಯುತ್ತೇನೆ, ಗುಂಡಿ ಹಚ್ಚುತ್ತೇನೆ. ಕೈಗೆ ಕೆಲಸ, ಕಿವಿಗೆ ಬಿಡುವು. ಆದ್ದರಿಂದ ಮುಂದೆ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಉಳಿದದ್ದು ಟೇಪಕ್ಕ ಹೇಳಿದ್ದು, ಅವಳು ಸುಳ್ಳು ಹೇಳುವವಳಲ್ಲ.

ಟೇಪಕ್ಕನನ್ನು ಹೊಲಿಗೆಯವರ ಗುಂಪಿಗೆ ಸೇರಿಸಿದವಳು ಅವಳ ಮಗಳು. ಫೋನಿನಲ್ಲಿರುವ ಗುಂಪು. ಊರೂರಿನ ದರ್ಜಿ ಹೆಂಗಸರು, ಮನೆಯಲ್ಲಿ ಕೂತು ಕಲಿಯುವವರು, ನೂರಾರು ಮಂದಿ. ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುವುದಕ್ಕೆ ಅವರು 'ಅಂಗಳ' ಎನ್ನುತ್ತಿದ್ದರು, ಒಬ್ಬರಿಗೇ ಬೇರೆಯಾಗಿ ಬರೆಯುವುದಕ್ಕೆ 'ಒಳಮನೆ'. ತೋಳು ಎಳೆಯುತ್ತಿದೆ, ಕಾಲರು ನಿಲ್ಲುತ್ತಿಲ್ಲ ಎನ್ನುವವರು ಗಿರಾಕಿಗೆ ಬಟ್ಟೆ ತೊಡಿಸಿ, ಫೋಟೋ ತೆಗೆದು, ಮುಖದ ಮೇಲೊಂದು ಹೂವಿನ ಚಿತ್ರ ಅಂಟಿಸಿ ಅಂಗಳಕ್ಕೆ ಹಾಕುವುದು ಪದ್ಧತಿ. ಆಮೇಲೆ ಬುದ್ಧಿಮಾತು ಸುರಿಯುತ್ತದೆ, ತಮಾಷೆಯೂ ಸುರಿಯುತ್ತದೆ. "ಇದು ಕಾಲರ್ರೋ ನಾಯಿ ಬೆಲ್ಟೋ?" ಎಂದು ಯಾರೋ ಕೇಳಿದ್ದನ್ನು ಓದಿ ಟೇಪಕ್ಕ ಇಡೀ ದಿನ ನಕ್ಕಿದ್ದಳು. ಜೊತೆಗೆ ಅಂಗಳದಲ್ಲಿ ಅವಳು ಕಲಿತದ್ದೂ ಉಂಟು. ಕಂಕುಳ ಕೆಳಗಿನ ಬಟ್ಟೆ ಕತ್ತರಿಸುವ ಹೊಸ ರೀತಿಯನ್ನು ಅಲ್ಲಿಂದಲೇ ಕಲಿತಳು. ಇದ್ದದ್ದನ್ನು ಇದ್ದಂತೆ ಹೇಳಬೇಕು.

ಆ ಗುಂಪನ್ನು ನಡೆಸುವವಳಿಗೆ ಎಲ್ಲರೂ ಗುರಮ್ಮ ಎನ್ನುತ್ತಿದ್ದರು. ಕಟಿಂಗಿನಲ್ಲಿ ನಿಜಕ್ಕೂ ಕೈ ಪಳಗಿದವಳು. ಪ್ರತಿ ಮಧ್ಯಾಹ್ನ ಒಂದು ಪಾಠ ಹಾಕುತ್ತಿದ್ದಳು. "ಅಂಗಳದಲ್ಲಿ ಕೇಳಕ್ಕಾಗದ್ದು ಏನಾದ್ರೂ ಇದ್ರೆ ಒಳಮನೆಗೆ ಬನ್ನಿ, ನಾನು ನಿಮ್ಮ ಅಕ್ಕ ಇದ್ದ ಹಾಗೆ" ಎಂದು ಪಾಠದ ಕೊನೆಗೆ ಬರೆಯುತ್ತಿದ್ದಳು. ಅಕ್ಕ ಇದ್ದ ಹಾಗೆ!

ಲೈಬ್ರರಿಯಲ್ಲಿ ಪುಸ್ತಕ ಕೊಡುವ ಹೆಂಗಸು ನಮ್ಮಲ್ಲಿಗೆ ಬಂದದ್ದು ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಮೈಮೇಲೆ ದಪ್ಪ ಶಾಲು, ಸೆಕೆಗೆ ಹಣೆಯೆಲ್ಲ ಬೆವರು. ಚೀಲದಿಂದ ಒಂದು ಬಟ್ಟೆ ತೆಗೆದಳು. ಗಾಢ ನೀಲಿ ಹತ್ತಿ ಬಟ್ಟೆ, ಮೇಲೆ ಕೈಯಲ್ಲಿ ಬಿಡಿಸಿದ ಹಳದಿ ಹಕ್ಕಿಗಳು, ಒಂದರ ಹಾಗೆ ಇನ್ನೊಂದಿಲ್ಲ.

"ಅಮ್ಮ ಬಿಡಿಸಿದ್ದು" ಎಂದಳು. "ಅಕ್ಕನಿಗೆ ಅಂತ ಶುರು ಮಾಡಿದ್ರು. ಅಕ್ಕ ಹೋದ್ಮೇಲೆ ಹಾಗೇ ಇಟ್ಟಿದ್ರು. ಈಗ ನನಗೆ ಕೊಟ್ಟಿದ್ದಾರೆ, ಅಂಗಿ ಹೊಲಿಸ್ಕೋ ಅಂತ."

ಟೇಪಕ್ಕ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಮೇಡಂ, ಇದು ಕುಗ್ಗುತ್ತೆ. ಮನೇಲಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ತನ್ನಿ. ಆಮೇಲೆ ಕತ್ತರಿ ಹಾಕ್ತೀನಿ."

ಹೊಸ ಹತ್ತಿ ಬಟ್ಟೆಗೆ ಯಾವ ದರ್ಜಿಯೂ ಹೇಳುವ ಮಾತಿದು. ಈ ಮಾತೇ ಮುಂದೆ ಕುತ್ತಾಗುತ್ತದೆ ಎಂದು ಆಗ ಯಾರಿಗೆ ಹೊಳೆಯಬೇಕು?

ನೆನೆಸಿ ಒಣಗಿಸಿದ ಬಟ್ಟೆಯೊಂದಿಗೆ ಅವಳು ಮತ್ತೆ ಬಂದಳು. ಟೇಪಕ್ಕ ಪರದೆಯ ಹಿಂದೆ ಕರೆದು ಗೋಡೆಯ ಕಡೆಗೆ ತಿರುಗಿಸಿದಳು. ಟೇಪು ಸುತ್ತಿದವಳ ಕೈ ನಿಂತಿತು. ಪರದೆಯ ಈಚೆಗಿದ್ದ ನನಗೂ ಆ ನಿಂತದ್ದು ಗೊತ್ತಾಯಿತು.

ಗೋಡೆಯನ್ನು ನೋಡುತ್ತಲೇ ಅವಳು ಹೇಳಿದಳು. "ಎಡಗಡೆ ತೆಗೆದಿದ್ದಾರೆ ಅಕ್ಕ. ಆಪರೇಷನ್ ಆಗಿದೆ."

"ಹೂಂ" ಎಂದಳು ಟೇಪಕ್ಕ, ಅಷ್ಟೇ.

"ಅಮ್ಮನಿಗೆ ಗೊತ್ತಿಲ್ಲ. ಟ್ರೈನಿಂಗ್ ಇದೆ ಅಂತ ಸುಳ್ಳು ಹೇಳಿ ಬೇರೆ ಊರಲ್ಲಿ ಮಾಡಿಸ್ಕೊಂಡೆ. ನಮ್ಮಕ್ಕ ಹೋಗಿದ್ದು ಇದೇ ಕಾಯಿಲೆಗೆ. ಅಮ್ಮ ಮತ್ತೊಂದ್ಸಲ ತಡ್ಕೊಳ್ಳಲ್ಲ. ಡಾಕ್ಟರು ನನಗೆ ಪರವಾಗಿಲ್ಲ, ಬೇಗ ಸಿಕ್ಕಿದೆ ಅಂದಿದ್ದಾರೆ. ಒಂದಿನ ನಾನೇ ಹೇಳ್ತೀನಿ. ಗಟ್ಟಿಯಾಗಿದೀನಿ ಅಂತ ಅವರ ಕಣ್ಣಿಗೆ ಕಂಡ ಮೇಲೆ ಹೇಳ್ತೀನಿ." ಮತ್ತೆ, "ಸೆಕೇಲೂ ಯಾಕೆ ಶಾಲು ಅಂತ ಬೈತಾರೆ. ಅವರು ಕೊಟ್ಟ ಬಟ್ಟೆ ಹಾಕ್ಕೊಂಡು, ಶಾಲಿಲ್ಲದೆ ಅವರ ಮುಂದೆ ನಿಲ್ಲಬೇಕು ಅಕ್ಕ. ಸೊಟ್ಟ ಕಾಣಬಾರದು" ಎಂದಳು.

"ಕಾಣಲ್ಲ. ನಾನಿದ್ದೀನಲ್ಲ" ಎಂದಳು ಟೇಪಕ್ಕ.

ಆದರೆ ಅಂಗಿ ಮಾತು ಕೇಳಲಿಲ್ಲ. ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿದಾಗ ಎಡ ಭುಜದಿಂದ ಬಲ ಸೊಂಟಕ್ಕೆ ಓರೆಯಾಗಿ ಸುಕ್ಕು ಎದ್ದಿತು. ಎದೆಯ ಬಳಿ ಮಡಿಚಿ ಹೊಲಿದ ಡಾಟನ್ನು ಬಿಚ್ಚಿ ಮತ್ತೆ ಹಾಕಿದಳು, ಒಳಗೆ ಮೆತ್ತೆ ಇಟ್ಟಳು, ಮೆತ್ತೆ ಜಾರಿತು. ಇನ್ನೊಮ್ಮೆ ಕರೆಸಿದಾಗಲೂ ಅದೇ ಸುಕ್ಕು. ಲೈಬ್ರರಿಯವಳ ಮುಖ ಇಳಿದದ್ದು ನೋಡಿ ಟೇಪಕ್ಕನಿಗೆ ತಡೆಯಲಾಗಲಿಲ್ಲ.

"ಮೇಡಂ, ನನಗಿಂತ ತಿಳಿದೋರು ಒಬ್ರಿದ್ದಾರೆ. ಒಂದು ಫೋಟೋ ತೆಗೀಲಾ? ಕುತ್ತಿಗೆಯಿಂದ ಕೆಳಗೆ ಮಾತ್ರ. ಮುಖ ಬರಲ್ಲ."

"ಒಬ್ಬರಿಗೇ ಅಲ್ವಾ ಅಕ್ಕ?"

"ಒಬ್ಬರಿಗೇ."

ಅವಳು ಒಪ್ಪಿದಳು. ಗೋಡೆಯ ಕಡೆಗಿದ್ದವಳು ಈ ಕಡೆ ತಿರುಗಿ, ಶಾಲು ತೆಗೆದಿಟ್ಟು, ಎರಡು ಕೈಯನ್ನೂ ಇಳಿಬಿಟ್ಟು ನಿಂತಳು. ನಮ್ಮ ಅಂಗಡಿಯಲ್ಲಿ ಎಷ್ಟೋ ಹೆಂಗಸರು ನಿಂತಿದ್ದಾರೆ. ಅಷ್ಟು ನಂಬಿ ನಿಂತವರು ಕಡಿಮೆ.

ಟೇಪಕ್ಕ ಫೋಟೋವನ್ನು ಗುರಮ್ಮನ ಒಳಮನೆಗೆ ಕಳಿಸಿದಳು. 'ಎಡಗಡೆ ಆಪರೇಷನ್ ಆಗಿದೆ, ಗುಟ್ಟಿನ ವಿಷಯ, ನಿಮಗೊಬ್ಬರಿಗೇ ಕಳಿಸ್ತಿದ್ದೀನಿ, ದಾರಿ ತೋರಿಸಿ' ಎಂದು ಬರೆದಳು. ಗುರಮ್ಮ ಒಳ್ಳೆಯ ದಾರಿಯನ್ನೇ ತೋರಿಸಿದಳು. ಎಡಗಡೆಯ ತುಂಡನ್ನೇ ಬೇರೆಯಾಗಿ ಕತ್ತರಿಸಿ, ಲೈನಿಂಗಿಗೆ ಒಂದು ಜೇಬು ಹೊಲಿದು ಅದರಲ್ಲಿ ಮೆತ್ತೆ ಕೂರಿಸು, ಆಗ ಜಾರುವುದಿಲ್ಲ ಎಂದಳು. ಟೇಪಕ್ಕ ಹಾಗೇ ಮಾಡಿದಳು. ಅಂಗಿ ನೀರಿನಂತೆ ಇಳಿದು ಕೂತಿತು. ಕಾಜ ನಾನೇ ಹೊಲಿದೆ, ಹಳದಿ ದಾರದಲ್ಲಿ, ಹಕ್ಕಿಯ ಬಣ್ಣಕ್ಕೆ ಹೊಂದುವ ಹಾಗೆ. ಲೈಬ್ರರಿಯವಳು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು. ಶಾಲನ್ನು ಚೀಲಕ್ಕೆ ತುರುಕಿ ಹಾಗೇ ಹೊರಟಳು. ಟೇಪಕ್ಕ ಬಾಗಿಲಿಗೆ ಹೋಗಿ ಅವಳು ಬೀದಿಯ ತಿರುವು ದಾಟುವವರೆಗೂ ನೋಡಿದಳು.

ಮಾರನೆಯ ಮಧ್ಯಾಹ್ನ ನಾವು ಬುತ್ತಿ ಬಿಚ್ಚಿ ಕೂತಿದ್ದೆವು. ಫೋನು ಒಂದೇ ಸಮ ಗುಂಯ್‌ಗುಟ್ಟತೊಡಗಿತು. ಟೇಪಕ್ಕ ಎಡಗೈಯಲ್ಲಿ ತೆಗೆದು ನೋಡಿದಳು. ಬಾಯಿಗೆ ಹಾಕಿದ ತುತ್ತು ಹಾಗೇ ನಿಂತಿತು.

ಅಂಗಳದಲ್ಲಿ ಅದೇ ಫೋಟೋ. ನೀಲಿ ಬಟ್ಟೆ, ಹಳದಿ ಹಕ್ಕಿ, ಓರೆ ಸುಕ್ಕು. ಮೇಲೆ ಗುರಮ್ಮನ ಪಾಠ: 'ಒಂದು ಕಡೆ ಸ್ತನ ತೆಗೆದ ದುರದೃಷ್ಟದ ಸೋದರಿಯರಿಗೆ ಅಂಗಿ ಕಟಿಂಗ್ ಹೇಗೆ?' ಇಲ್ಲದ ಮುಖದ ಜಾಗದಲ್ಲಿ ಒಂದು ಹೂವು ಬೇರೆ. ಕೆಳಗೆ ಸಾಲುಸಾಲಾಗಿ ಅಳುವ ಮುಖಗಳು, ಕೈ ಮುಗಿದ ಚಿತ್ರಗಳು, 'ಪಾಪ', 'ದೇವರು ಕಾಪಾಡಲಿ', 'ಸೂಪರ್ ಪಾಠ ಮೇಡಂ'. ಕೈ ಮುಗಿಯುವುದು ಎಷ್ಟು ದೊಡ್ಡ ಕೆಲಸ ಎಂದು ಬಲ್ಲವರು ಹಾಗೆ ಒಂದು ಬೆರಳಲ್ಲಿ ಕೈ ಮುಗಿದು ಮುಂದಕ್ಕೆ ಹೋಗುತ್ತಿರಲಿಲ್ಲ.

ಟೇಪಕ್ಕ ಎಂಜಲು ಕೈಯಲ್ಲೇ ಗುರಮ್ಮನಿಗೆ ಫೋನು ಮಾಡಿದಳು. ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿತು.

"ಮೇಡಂ, ಅದನ್ನ ತೆಗೀರಿ. ಈಗಲೇ ತೆಗೀರಿ."

"ಯಾಕಮ್ಮ? ಎಷ್ಟು ಜನ ಮೆಚ್ಕೊಂಡಿದ್ದಾರೆ ನೋಡು. ನಿನ್ನ ಹೆಸರು ಎಲ್ಲೂ ಹಾಕಿಲ್ಲವಲ್ಲ."

"ನನ್ನ ಹೆಸರು ಹಾಕಿ ಬೇಕಾದ್ರೆ! ಆ ಫೋಟೋ ನಿಮಗೊಬ್ಬರಿಗೇ ಅಂತ ಬರೆದಿದ್ದೆ."

"ಮುಖ ಎಲ್ಲಿದೆ ಅದರಲ್ಲಿ? ಮುಖವೇ ಇಲ್ಲ ಅಂದ್ಮೇಲೆ ಯಾರಿಗೆ ನಷ್ಟ? ನಾಲ್ಕು ಜನ ಕಲೀತಾರೆ. ವಿದ್ಯೆ ಬಚ್ಚಿಡಬಾರದು ತಾಯಿ."

"ವಿದ್ಯೆ ನಿಮ್ಮದು ಮೇಡಂ, ಹಂಚಿ. ಮೈ ನಿಮ್ಮದಲ್ಲ."

"ಇದೊಳ್ಳೆ ಕಥೆ ಆಯ್ತಲ್ಲ! ದಾರಿ ತೋರಿಸಿದ್ದಕ್ಕೆ ಇದಾ ಮರ್ಯಾದೆ?"

ಫೋನು ಕಟ್ಟಾಯಿತು. ಸಂಜೆ ಹೊತ್ತಿಗೆ ಫೋಟೋ ಮಾಯವಾಗಿತ್ತು. ಅಷ್ಟರಲ್ಲಿ ಯಾರ್ಯಾರ ಫೋನಿನಲ್ಲಿ ಇಳಿದು ಕೂತಿತ್ತೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಈ ಹೊಲಿಗೆಯವರು ಮುಖ ಒಂದನ್ನು ಮುಚ್ಚಿ ಎಲ್ಲ ಮುಚ್ಚಿತು ಎಂದುಕೊಂಡಿದ್ದರು. ಟೇಪಕ್ಕನೂ ಅಷ್ಟೇ. ದರ್ಜಿಯ ಕಣ್ಣಿಗೆ ಸುಕ್ಕು ಕಾಣುತ್ತದೆ, ಹೊಲಿಗೆ ಕಾಣುತ್ತದೆ, ಬಟ್ಟೆ ಬರೀ ಬಟ್ಟೆ. ಬಟ್ಟೆಗೂ ಒಂದು ಮುಖ ಉಂಟು ಎಂಬುದು ಯಾರ ತಲೆಗೂ ಹೋಗಲಿಲ್ಲ. ಆ ನೀಲಿ ಬಟ್ಟೆಯನ್ನು ಲೈಬ್ರರಿಯವಳ ತಾಯಿ ತಾನೇ ನೆನೆಸಿ ಬಾಲ್ಕನಿಯ ಹಗ್ಗಕ್ಕೆ ಹರವಿದ್ದಳು. ಅವರಿರುವ ಇಡೀ ಕಟ್ಟಡ ಹಕ್ಕಿಗಳನ್ನು ನೋಡಿ ಹೊಗಳಿತ್ತು. ಅದೇ ಕಟ್ಟಡದ ಕೆಳಗಿನ ಮನೆಯ ಹೆಂಗಸೂ ಹೊಗಳಿದ್ದಳು. ಈಗಷ್ಟೇ ಹೊಲಿಗೆ ಕಲಿಯಲು ಹೊರಟಿದ್ದ ಅವಳು ಗುಂಪಿಗೆ ಸೇರಿ, ದಿನಕ್ಕೊಂದು ದಿಂಬಿನ ಕವರಿನ ಫೋಟೋ ಹಾಕುತ್ತಿದ್ದಳು. ಅಂಗಡಿಯಲ್ಲಿ ನಾವು ಅವಳಿಗೆ ದಿಂಬಿನಮ್ಮ ಎಂದು ಹೆಸರಿಟ್ಟು ನಗುತ್ತಿದ್ದೆವು. ಅವಳು ಯಾರ ಕೆಳಮನೆಯವಳು ಎಂದು ನಮಗೇನು ಗೊತ್ತು? ನೂರಾರು ಗುಂಡನೆಯ ಪುಟ್ಟ ಚಿತ್ರಗಳಲ್ಲಿ ಯಾರು ಯಾರ ನೆರೆಯವರೋ, ಯಾರು ಯಾರ ಶತ್ರುಗಳೋ.

ದಿಂಬಿನಮ್ಮ ಹಕ್ಕಿಗಳನ್ನು ಗುರುತಿಸಿದಳು. ಗುರುತಿಸಿ ಸುಮ್ಮನಿರಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಹೋಗಿ, "ಅಯ್ಯೋ ದೊಡ್ಡಮ್ಮ, ನಿಮ್ಮ ಚಿಕ್ಕ ಮಗಳಿಗೂ ಅದೇ ಬರಬೇಕಾ?" ಎಂದು ತಾಯಿಯನ್ನು ತಬ್ಬಿಕೊಂಡಳಂತೆ. ತಬ್ಬಿಕೊಂಡು ಕೊಲ್ಲುವುದು ಎಂದರೆ ಇದೇ.

ಲೈಬ್ರರಿಯವಳು ನಮ್ಮ ಅಂಗಡಿಗೆ ಬಂದಾಗ ಕೆಲಸದ ಹೊತ್ತು. ರಜೆ ಹಾಕಿ ಬಂದಿದ್ದಳು. ಮತ್ತೆ ಶಾಲು. ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರು. ಟೇಪಕ್ಕ ಅವರನ್ನು ಆಮೇಲೆ ಬನ್ನಿ ಎಂದು ಕಳಿಸಿ ಬಾಗಿಲು ಅರ್ಧ ಮುಚ್ಚಿದಳು.

"ಈಗ ಯಾಕೆ ಬಾಗಿಲು ಮುಚ್ತೀರ?" ಎಂದಳು ಅವಳು. "ತೆಗೆದೇ ಇಡಿ. ಇನ್ನೇನು ಉಳಿದಿದೆ ನೋಡಕ್ಕೆ?"

"ಮೇಡಂ, ನಾನು..."

"ಒಬ್ಬರಿಗೇ ಅಂದ್ರಿ. ಒಬ್ಬರಿಗೇ ಅಲ್ವಾ ಅಂತ ಕೇಳಿಯೇ ನಿಂತೆ ನಾನು. ಡಾಕ್ಟರ ಮುಂದೆ ಕೂಡ ನಾನು ಅಷ್ಟು ಸಲೀಸಾಗಿ ನಿಂತಿರ್ಲಿಲ್ಲ ಅಕ್ಕ."

ಟೇಪಕ್ಕ ಬಾಗಿಲ ಮೇಲಿಟ್ಟಿದ್ದ ಕೈ ತೆಗೆದಳು.

"ಅಮ್ಮ ಏನಂದ್ರು ಗೊತ್ತಾ? ಅತ್ತಿದ್ರೆ ಪರವಾಗಿರ್ಲಿಲ್ಲ. ಎದೆ ಹಿಡ್ಕೊಂಡು ಕೂತಿದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. 'ಊರಿಗೆಲ್ಲ ಹೇಳಿದ್ದೀಯ, ನನಗೊಬ್ಬಳಿಗೆ ಹೇಳ್ಲಿಲ್ಲ' ಅಂದ್ರು. ಆವತ್ತಿಂದ ನನ್ನ ಹತ್ತಿರ ಮಾತಿಲ್ಲ. ತಟ್ಟೆ ಇಡ್ತಾರೆ, ತೆಗೀತಾರೆ. ನಾನು ಊರಿಗೆ ಹೇಳ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ಫೋಟೋದಲ್ಲಿ ನೆಟ್ಟಗೆ ನಿಂತಿದ್ದೀನಲ್ಲ, ಕೈ ಇಳಿಬಿಟ್ಕೊಂಡು!"

ಅವಳು ಅಳಲಿಲ್ಲ, ಅಳುವಷ್ಟು ಸಲಿಗೆ ಈಗ ಆ ಅಂಗಡಿಯಲ್ಲಿ ಅವಳಿಗೆ ಉಳಿದಿರಲಿಲ್ಲ. "ನನ್ನ ಬಾಯಿಂದ ಹೇಳಬೇಕಾದ ಮಾತು ಅದು. ಅದನ್ನ ಕಿತ್ಕೊಂಡ್ರಿ" ಎಂದು ಹೇಳಿ ಹೊರಟಳು. ಅರ್ಧ ಮುಚ್ಚಿದ ಬಾಗಿಲನ್ನು ಪೂರ್ತಿ ತೆರೆದಿಟ್ಟೇ ಹೋದಳು.

ಆ ದಿನ ಟೇಪಕ್ಕ ಕತ್ತರಿ ಮುಟ್ಟಲಿಲ್ಲ. ಮರುದಿನ ಅಂಗಳಕ್ಕೆ ಬರೆದಳು. ಒಳಮನೆಗೆ ನಂಬಿ ಕಳಿಸಿದ ಫೋಟೋವನ್ನು ಗುರಮ್ಮ ಅಂಗಳಕ್ಕೆ ಹಾಕಿದ್ದು ತಪ್ಪು, ಒಂದು ಮನೆಯಲ್ಲಿ ಮಾತು ನಿಂತುಹೋಗಿದೆ, ಎಲ್ಲರ ಮುಂದೆ ತಪ್ಪಾಯಿತು ಎಂದು ಹೇಳಬೇಕು, ಇಳಿಸಿಕೊಂಡವರು ಅಳಿಸಬೇಕು ಎಂದು.

ಗುರಮ್ಮನ ಉತ್ತರ ಬಂತು: 'ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ.' ಆಗಿದ್ದರೆ! ಮೂಗಿಗೆ ತುಪ್ಪ ಸವರಿದ ಹಾಗೆ. ಅದರ ಹಿಂದೆಯೇ ಅವಳ ಶಿಷ್ಯರು ಬಿದ್ದರು. 'ಉಂಡ ಮನೆಗೆ ಎರಡು ಬಗೆಯುವವರು', 'ಫೋಟೋ ತೆಗೆದವರು ನೀವೇ ಅಲ್ವಾ?', 'ಗುರಮ್ಮನ ಕಾಲಿನ ಧೂಳಿಗೂ ಸಮ ಇಲ್ಲ'. ಕೊನೆಯದನ್ನು ಬರೆದವಳು ಕಾಲರು ನಾಯಿ ಬೆಲ್ಟು ಎಂದು ನಗಿಸಿದವಳೇ.

"ಫೋಟೋ ತೆಗೆದದ್ದು ನಾನೇ, ಆ ಮಾತು ನಿಜ" ಎಂದಳು ಟೇಪಕ್ಕ ನನ್ನ ಕಡೆ ನೋಡದೆ.

ಒಳಮನೆಯಲ್ಲಿ ಮಾತ್ರ ಬೇರೆಯೇ ಗಾಳಿ. ಒಬ್ಬೊಬ್ಬರೇ ಬಂದು ಪಿಸುಗುಟ್ಟತೊಡಗಿದರು. 'ನೀವು ಹೇಳಿದ್ದು ಸರಿ, ಅಂಗಳದಲ್ಲಿ ಹೇಳಕ್ಕೆ ಧೈರ್ಯ ಇಲ್ಲ.' 'ನನಗೂ ಹೀಗೇ ಮಾಡಿದ್ರು, ನನ್ನ ಗಂಡ ಹೊಡೀತಾನೆ ಅಂತ ಅವರ ಹತ್ತಿರ ಅತ್ತಿದ್ದೆ, ಎರಡೇ ದಿನಕ್ಕೆ ಪಾಠದ ಜೊತೆ ನೀತಿ ಅಂತ ಹಾಕಿದ್ರು.' 'ನನ್ನ ಮಗಳ ವಿಷಯಾನೂ.' ಟೇಪಕ್ಕ ಒಂದೊಂದನ್ನೂ ಎರಡೆರಡು ಸಲ ಓದಿದಳು. ಒಳಮನೆಯಲ್ಲಿ ಇಷ್ಟು ಮಂದಿ ಅವಳ ಕಡೆ, ಅಂಗಳಕ್ಕೆ ಬಂದರೆ ಒಂದು ನರಪಿಳ್ಳೆಯೂ ಇಲ್ಲ. ನನಗೆ ಗುರಮ್ಮನಿಗಿಂತ ಇವರ ಮೇಲೇ ಹೆಚ್ಚು ಸಿಟ್ಟು ಬಂತು. ಕೈ ಮುಗಿದ ಚಿತ್ರ ಹಾಕಲು ಬೆರಳಿತ್ತು, ಒಂದು ಸಾಲು ಬರೆಯಲು ಇರಲಿಲ್ಲ.

ಮಗಳು ಕೆಲಸ ಮುಗಿಸಿ ಅಂಗಡಿಗೆ ಬಂದವಳು ಎಲ್ಲವನ್ನೂ ಓದಿ ಕುಣಿದಾಡಿದಳು. "ಅಮ್ಮಾ, ಇವೆಲ್ಲದರ ಫೋಟೋ ಹೊಡೆದು ಅಂಗಳಕ್ಕೆ ಹಾಕು. ಒಂದೇ ಏಟಿಗೆ ಆ ಗುರಮ್ಮ ಮಣ್ಣು ಮುಕ್ತಾಳೆ. ಕೊಡಿಲ್ಲಿ, ನಾನೇ ಹಾಕ್ತೀನಿ."

"ಹಾಕು, ಹಾಕು" ಎಂದೆ ನಾನೂ.

ಟೇಪಕ್ಕ ಫೋನನ್ನು ಎದೆಗೆ ಒತ್ತಿ ಹಿಡಿದಳು. "ಗಂಡ ಹೊಡೀತಾನೆ ಅಂತ ಬರೆದೋಳು ನನಗೆ ಬರೆದಿದ್ದಾಳೆ. ನಿನಗಲ್ಲ."

"ಹೆಸರು ಅಳಿಸಿ ಹಾಕೋಣ ಅಮ್ಮ."

"ಹೆಸರು ಅಳಿಸಿ, ಹೂವು ಅಂಟಿಸಿ, ಅಲ್ವಾ?" ಟೇಪಕ್ಕನ ದನಿ ಏರಿತು. "ಅವಳು ಮಾಡಿದ್ದನ್ನೇ ನಾನೂ ಮಾಡ್ಲಾ? ಸಿಟ್ಟು ನಿಮ್ಮಿಬ್ಬರಿಗೇ ಇದೆ ಅಂದ್ಕೊಂಡಿದ್ದೀರಾ? ಅವಳ ಗಂಡ ಇದನ್ನ ನೋಡಿದ್ರೆ ಏಟು ತಿನ್ನೋರು ಯಾರು, ನೀನಾ?"

ಮಗಳು ಚಾಚಿದ್ದ ಕೈ ಹಿಂದಕ್ಕೆ ತೆಗೆದಳು. ನಾನು ಗುಂಡಿ ಡಬ್ಬಿಯಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಟೇಪಕ್ಕ ಅಂಗಳದಲ್ಲಿ ಕೊನೆಯದಾಗಿ ತನ್ನದನ್ನಷ್ಟೇ ಬರೆದಳು. 'ಒಬ್ಬರಿಗೇ ಎಂದು ಮಾತು ಕೊಟ್ಟು ಫೋಟೋ ತೆಗೆದವಳು ನಾನು. ಬಟ್ಟೆ ಗುರುತಾಗುತ್ತದೆ ಎಂದು ಯೋಚಿಸಲಿಲ್ಲ. ನನ್ನದು ತಪ್ಪು. ಗುರಮ್ಮನದು ನನ್ನದಕ್ಕಿಂತ ದೊಡ್ಡ ತಪ್ಪು, ಯಾಕೆಂದರೆ ಗುಟ್ಟು ಎಂದು ಓದಿಯೂ ಹಾಕಿದರು. ಇನ್ನು ಮುಂದೆ ಯಾರೂ ಗಿರಾಕಿಯ ಮೈಯನ್ನು ಇಲ್ಲಿಗೆ ತರಬೇಡಿ.' ಅವಳು ಫೋನು ಕೆಳಗಿಡುವ ಮೊದಲೇ ಅವಳನ್ನು ಗುಂಪಿನಿಂದ ತೆಗೆದುಹಾಕಿದ್ದರು. ಒಳಮನೆಯಲ್ಲಿ ಪಿಸುಗುಟ್ಟಿದವರೂ ಆಮೇಲೆ ಬರಲಿಲ್ಲ.

ಲೈಬ್ರರಿಯವಳ ತಾಯಿ ಅಂಗಡಿಗೆ ಬಂದದ್ದು ಅದಾದ ಮೇಲೆ. ಬಿಳಿ ತಲೆ, ಬೆರಳ ತುದಿಯಲ್ಲಿ ಇನ್ನೂ ಬಣ್ಣದ ಕಲೆ. ಕೈಚೀಲದಿಂದ ನೀಲಿ ಅಂಗಿ ತೆಗೆದು ಇಸ್ತ್ರಿ ಮೇಜಿನ ಮೇಲೆ ಹಾಕಿದಳು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇದನ್ನ ಹೊಲಿದೋಳು ನೀನಾ?"

"ಹೌದಮ್ಮ." ಟೇಪಕ್ಕ ಎದ್ದು ನಿಂತಳು.

"ಕೂರಲ್ಲ ನಾನು. ಒಂದು ಮಾತು ಕೇಳಕ್ಕೆ ಬಂದೆ." ತಾಯಿ ಅಂಗಿಯ ಒಳಗೆ ಕೈ ಹಾಕಿ ಎಡಗಡೆಯ ಲೈನಿಂಗಿನ ಜೇಬನ್ನು ಹೊರಗೆ ಎಳೆದಳು. "ಇದು ನನ್ನ ಕೈಗೆ ಸಿಕ್ತು. ಇಲ್ಲಿ ಏನಿದೆ, ಏನಿಲ್ಲ, ನನಗೆ ಗೊತ್ತಿಲ್ಲ. ಹೆತ್ತೋಳು ನಾನು, ನೋಡಿದೋಳು ನೀನು. ಹೇಗಿದೆ ಹೇಳು. ಗಾಯ ಒಣಗಿದೆಯಾ? ಇಷ್ಟೇ ತೆಗೆದಿದ್ದಾರಾ, ತೋಳಿನವರೆಗೂ ಹೋಗಿದೆಯಾ? ದೊಡ್ಡವಳಿಗೆ ಕೈ ಎತ್ತಕ್ಕಾಗ್ತಿರ್ಲಿಲ್ಲ. ಇವಳು ಎತ್ತುತ್ತಾಳಾ?"

ಇದಕ್ಕೆ ಯಾರಾದರೂ ಹೇಳಿಬಿಡುತ್ತಾರೆ. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಟೇಪಕ್ಕ ಜೇಬನ್ನು ನೋಡಿ, ತಾಯಿಯನ್ನು ನೋಡಿದಳು.

"ನಾನು ಹೇಳಲ್ಲ ಅಮ್ಮ."

"ಏನಂದೆ?"

"ಹೇಳಲ್ಲ. ಅವರನ್ನೇ ಕೇಳಿ."

ಮುದುಕಿಯ ಮುಖ ಕೆಂಡವಾಯಿತು. "ಊರಿಗೆಲ್ಲ ತೋರಿಸಿದೋಳು ನೀನು! ನಮ್ಮ ಕೆಳಮನೆಯೋಳು ಕೂಡ ನೋಡಿದ್ದಾಳೆ. ಹೆತ್ತ ತಾಯಿಗೆ ಹೇಳಲ್ವಾ? ನಾಚಿಕೆ ಆಗಲ್ವಾ ನಿನಗೆ?"

"ಆಗುತ್ತೆ. ಅದಕ್ಕೇ ಹೇಳಲ್ಲ." ಟೇಪಕ್ಕನ ಕೈ ಕುತ್ತಿಗೆಯ ಟೇಪನ್ನು ಗಟ್ಟಿಯಾಗಿ ಹಿಡಿದಿತ್ತು. "ಅಮ್ಮ, ನಿಮ್ಮ ಮಗಳು ಊರಿಗೆ ಹೇಳ್ಲಿಲ್ಲ. ಒಬ್ಬರಿಗೂ ಹೇಳ್ಲಿಲ್ಲ. ಟೇಪು ನಿಂತಿದ್ದಕ್ಕೆ ನನಗೆ ಹೇಳಬೇಕಾಯ್ತು. ಮಾತು ಕೊಟ್ಟು ಕೆಡಿಸಿದೋಳು ನಾನು. ಅವರಿಗೆ ನಿಮ್ಮ ಹತ್ತಿರ ತಾನೇ ಹೇಳಬೇಕು ಅಂತ ಒಂದೇ ಒಂದು ಆಸೆ ಇತ್ತು. ಅದನ್ನ ಒಂದ್ಸಲ ಕಿತ್ಕೊಂಡಿದ್ದೀವಿ. ಮಿಕ್ಕಿದ್ದನ್ನೂ ನಾನೇ ಹೇಳಿಬಿಟ್ರೆ ಅವರಿಗೇನು ಉಳಿಯುತ್ತೆ? ಬೈರಿ, ಹೊಡೀರಿ, ಹೇಳಲ್ಲ."

ಮೇಲೆ ಯಾರೋ ಮೆಟ್ಟಿಲಿಳಿದ ಸದ್ದು ತಲೆಯ ಮೇಲೆ ಹಾದುಹೋಯಿತು. ಕೂರಲ್ಲ ಎಂದಿದ್ದ ತಾಯಿ ನನ್ನ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಮೊದಲು ಗುರಮ್ಮನನ್ನು ಬೈದಳು, ಆಮೇಲೆ ಕೆಳಮನೆಯವಳನ್ನು, ಆಮೇಲೆ ಟೇಪಕ್ಕನನ್ನು, ಆಮೇಲೆ ಫೋನು ಕಂಡುಹಿಡಿದವರ ಏಳು ತಲೆಮಾರನ್ನು. ಟೇಪಕ್ಕ ಎಲ್ಲವನ್ನೂ ನಿಂತೇ ಕೇಳಿದಳು. ಬೈಗುಳ ಮುಗಿದ ಮೇಲೆ ತಾಯಿ ಎಳೆದಿದ್ದ ಜೇಬನ್ನು ಮೆಲ್ಲಗೆ ಒಳಗೆ ತಳ್ಳಿ, ಅಂಗಿಯನ್ನು ಮಡಿಸಿ, ಮಡಿಕೆಯ ಮೇಲೆ ಅಂಗೈ ಇಟ್ಟು ಒತ್ತಿದಳು.

"ಟ್ರೈನಿಂಗ್ ಅಂತೆ" ಎಂದಳು ತನಗೇ ಎಂಬಂತೆ. "ಒಬ್ಬಳೇ ಮಲಗಿದ್ಲು ಆಸ್ಪತ್ರೇಲಿ. ಒಂದು ಗುಟುಕು ನೀರು ಕೊಡೋರೂ ಇರ್ಲಿಲ್ಲ." ಎದ್ದು ಬಾಗಿಲ ತನಕ ಹೋದವಳು ತಿರುಗಿ ನನ್ನನ್ನು ನೋಡಿದಳು. "ಮೇಲಿನ ಗುಂಡಿ ಸಡಿಲ ಇದೆ. ಇನ್ನೆರಡು ಸುತ್ತು ಹಾಕಿ ಕೊಡು. ಅವಳಿಗೆ ಕೊಡಬೇಕು, ಕೇಳೋದಿದೆ ಅವಳನ್ನ."

ಗುಂಡಿ ಬಿಗಿಮಾಡಿ ಕೊಟ್ಟೆ. ಮನೆಯಲ್ಲಿ ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಲೈಬ್ರರಿಯವಳು ನಮ್ಮ ಅಂಗಡಿಗೆ ಮತ್ತೆ ಬರಲಿಲ್ಲ. ಬೇರೆ ಕಡೆ ಹೊಲಿಸುತ್ತಾಳೆ ಎಂದು ಕೇಳಿದೆ. ಅವಳು ಟೇಪಕ್ಕನನ್ನು ಕ್ಷಮಿಸಬೇಕು ಎಂದು ಹೇಳಲು ನಾನ್ಯಾರು? ಗುರಮ್ಮನ ಗುಂಪು ದೊಡ್ಡದಾಗುತ್ತಲೇ ಇದೆ, ಪಾಠದ ಕೊನೆಗೆ 'ನಿಮ್ಮ ಅಕ್ಕ ಇದ್ದ ಹಾಗೆ' ಎಂಬ ಮಾತು ಈಗಲೂ ಇದೆಯಂತೆ. ಆ ಫೋಟೋ ಇನ್ನೂ ಯಾರದೋ ಫೋನಿನಲ್ಲಿ ಬಿದ್ದಿದೆ. ದೇವರಿಗೆ ನಾನು ದಿನವೂ ಕೇಳುವುದರಲ್ಲಿ ಅದೂ ಒಂದು, ಆ ಫೋನುಗಳು ಕೆಟ್ಟುಹೋಗಲಿ ಎಂದು.

ಮೊನ್ನೆ ಸಂಜೆ ಕಿಟಕಿಯಿಂದ ನೋಡಿದೆ. ಬೀದಿಯ ಆ ಬದಿಯಲ್ಲಿ ತಾಯಿ ಮಗಳು ನಡೆದು ಹೋಗುತ್ತಿದ್ದರು. ನೀಲಿ ಅಂಗಿ, ಹಳದಿ ಹಕ್ಕಿಗಳು, ಶಾಲಿಲ್ಲ. ತಾಯಿ ಮಗಳ ಎಡಗೈ ಹಿಡಿದಿದ್ದಳು. ಇಬ್ಬರೂ ಏನಕ್ಕೋ ಜಗಳವಾಡುತ್ತಿದ್ದರು, ಕೈ ಆಡಿಸಿ ಆಡಿಸಿ. ನಮ್ಮ ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಟೇಪಕ್ಕನೂ ಮಷೀನಿನಿಂದ ತಲೆಯೆತ್ತಿ ಒಂದು ಸಲ ನೋಡಿದಳು. ಭುಜ, ಸೊಂಟ, ಅಂಚು. ಮತ್ತೆ ತಲೆ ತಗ್ಗಿಸಿ ಪೆಡಲು ಒತ್ತಿದಳು.

ನನಗೆ ತಡೆಯಲಾಗಲಿಲ್ಲ. "ಹೇಗೆ ಕೂತಿದೆ ಅಕ್ಕ?" ಎಂದೆ.

"ಯಾರದು?" ಎಂದಳು ಟೇಪಕ್ಕ.